ಸಾಕ್ಷಿಯ ಜಾಗದಲ್ಲಿದ್ದ ರುಜು

ಇಪ್ಪತ್ತಾರು ವರ್ಷ ಬಸ್ಸಿನಲ್ಲಿ ಟಿಕೆಟ್ ಹರಿದವಳಿಗೆ ನಿವೃತ್ತಿಯಾದ ಮೇಲೆ ಮನೆಯಲ್ಲಿ ಕಾಲು ಚಾಚಿ ಕೂರುವುದು ಮೂರು ವಾರಕ್ಕಿಂತ ಹೆಚ್ಚು ಆಗಲಿಲ್ಲ. ನಾಲ್ಕನೆಯ ವಾರ ಗಂಡನ ರಿಪೇರಿ ಸಾಮಾನುಗಳನ್ನು ಒಪ್ಪ ಮಾಡಲು ಹೊರಟಳು. ಮಿಕ್ಸಿಯ ಬ್ಲೇಡು, ಫ್ಯಾನಿನ ತಿರುಪು, ಕುಕ್ಕರಿನ ಹಿಡಿ ಎಲ್ಲವನ್ನೂ ಒಂದೇ ಡಬ್ಬಿಗೆ ಸುರಿದು ಮೇಲೆ 'ಕಬ್ಬಿಣ' ಎಂದು ಬರೆದಿಟ್ಟಳು. ಮೂವತ್ತು ವರ್ಷದ ಸಂಸಾರದಲ್ಲಿ ಒಂದು ಸಲವೂ ದನಿ ಎತ್ತದ ಆ ಮನುಷ್ಯ ಡಬ್ಬಿಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ, "ಲೇ, ನಿನಗೆ ಎಲ್ಲಾದ್ರೂ ಒಂದು ಕೆಲಸ ಹುಡುಕಲಾ?" ಎಂದ.

ಹಾಗೆ ಅವಳು ಆಶ್ರಯಧಾಮಕ್ಕೆ ಬಂದಳು. ಕೆಲಸ ಕೊಡಿಸುತ್ತೇವೆಂದು ದೂರದೂರಿಗೆ ಒಯ್ದು ಮಾರಿದ, ಕೂಡಿಹಾಕಿ ದುಡಿಸಿದ ಹೆಣ್ಣುಮಕ್ಕಳನ್ನು ಬಿಡಿಸಿ ತಂದಾಗ ಪೊಲೀಸರು ಮೊದಲು ಇಳಿಸುತ್ತಿದ್ದದ್ದು ಅಲ್ಲಿ. ಅವರನ್ನು ಮತ್ತೆ ಮನೆ ಮುಟ್ಟಿಸುವುದು ಇವಳ ಕೆಲಸ. ಜೊತೆಯಲ್ಲಿ ರೈಲು ಹತ್ತಬೇಕು, ಬಸ್ಸು ಬದಲಿಸಬೇಕು, ಮನೆಯವರ ಕೈಗೆ ಒಪ್ಪಿಸಿ ರುಜು ಹಾಕಿಸಿಕೊಂಡು ಬರಬೇಕು. 'ಇಷ್ಟೇ ತಾನೇ, ನನ್ನ ಹಳೇ ಕೆಲಸವೇ ಆಯ್ತಲ್ಲ' ಎಂದುಕೊಂಡಿದ್ದಳು. ಸೇರಿದ ಮೊದಲ ದಿನವೇ ಊಟದ ಸಾಲಿನಲ್ಲಿ ತಳ್ಳಾಡುತ್ತಿದ್ದವರಿಗೆ "ಒಳಗೆ ಜಾಗ ಇದೆ, ಮುಂದೆ ಹೋಗಿ, ಮುಂದೆ ಹೋಗಿ" ಎಂದುಬಿಟ್ಟಳು. ಅಂದಿನಿಂದ ಅಡುಗೆಯವಳಿಂದ ಹಿಡಿದು ಮೇಲ್ವಿಚಾರಕಿಯವರೆಗೆ ಎಲ್ಲರಿಗೂ ಕಂಡಕ್ಟರಮ್ಮ.

ಐದು ವರ್ಷದಲ್ಲಿ ಅವಳಿಗೆ ತಿಳಿದದ್ದೆಂದರೆ, ಮನೆ ಮುಟ್ಟಿಸುವುದಕ್ಕೆ ಎರಡು ದಿನ ಸಾಕು, ಹೊರಡುವುದಕ್ಕೆ ವರ್ಷ ಬೇಕು. ಹುಡುಗಿಯ ಊರಿನ ಕಚೇರಿಯವರು ಮನೆಗೆ ಹೋಗಿ, ಅದು ಕ್ಷೇಮದ ಜಾಗವೇ ಎಂದು ವಿಚಾರಿಸಿ, ಮನೆ ಪರಿಶೀಲನೆಯ ವರದಿ ಕಳಿಸಬೇಕು. ಅದು ಬರುವ ತನಕ ಯಾರೂ ಅಲ್ಲಾಡುವ ಹಾಗಿಲ್ಲ. ಇಲ್ಲಿಂದ ಪತ್ರ ಹೋಗುತ್ತಿತ್ತು, ಅಲ್ಲಿಂದ ಉತ್ತರ ಬರುತ್ತಿರಲಿಲ್ಲ. ಬಂದರೆ, 'ನಿಮ್ಮ ಪತ್ರದ ಎರಡನೆಯ ಪುಟ ಲಗತ್ತಿಸಿಲ್ಲ' ಎಂದು ಬರುತ್ತಿತ್ತು. ಕಂಡಕ್ಟರಮ್ಮ ಫೋನು ಮಾಡಿ ಮಾಡಿ ಆ ಕಚೇರಿಗಳ ಗುಮಾಸ್ತರ ಮಕ್ಕಳ ಪರೀಕ್ಷೆಯ ಅಂಕಗಳನ್ನೆಲ್ಲ ತಿಳಿದುಕೊಂಡಿದ್ದಳು. ವರದಿ ಮಾತ್ರ ಸಿಕ್ಕುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ಆ ಹುಡುಗಿ ಬಂದಳು. ವಯಸ್ಸು ಇಪ್ಪತ್ತು. ಹದಿನೇಳರಲ್ಲಿ ಮನೆ ಬಿಟ್ಟವಳು. 'ಒಳ್ಳೆ ಹೊಲಿಗೆ ಕಾರ್ಖಾನೆ, ಹಾಸ್ಟೆಲ್ಲೂ ಅವರದ್ದೇ, ಭಾನುವಾರ ರಜೆ' ಎಂದು ಅವಳ ಅತ್ತಿಗೆಯ ಅಣ್ಣನೇ ಕರೆದೊಯ್ದಿದ್ದ. ಕಾರ್ಖಾನೆ ಇದ್ದದ್ದು ನಿಜ. ಹಾಸ್ಟೆಲ್ ಎಂದರೆ ಅದೇ ಕಟ್ಟಡದ ಮೇಲಿನ ಮಹಡಿ, ಮೆಟ್ಟಿಲ ಬಾಗಿಲಿಗೆ ಹೊರಗಿನಿಂದ ಬೀಗ. ಹದಿನಾಲ್ಕು ಜನ ಹೆಣ್ಣುಮಕ್ಕಳು ಬೆಳಕು ಹರಿಯುವ ಮೊದಲು ಕೂತರೆ ಕಣ್ಣು ಮಂಜಾಗುವ ತನಕ ಅಂಗಿಯ ಕಾಲರ್ ಹೊಲಿಯಬೇಕು. ಮೂರು ವರ್ಷ ಹೊಲಿದರೂ ಪೂರ್ತಿ ಅಂಗಿಯನ್ನು ಅವಳು ಒಂದು ದಿನವೂ ನೋಡಿರಲಿಲ್ಲ. ಮಷೀನು ಕೆಟ್ಟರೆ ಹೊರಗಿನ ರಿಪೇರಿಯವನನ್ನು ಒಳಗೆ ಬಿಡಲು ಮಾಲೀಕನಿಗೆ ಭಯ. ಹಾಗಾಗಿ ಇವಳೇ ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟು, ಜೋಡಿಸಿ ಕಲಿತಳು.

ಧಾಮದಲ್ಲಿ ಯಾರೋ ಪುಣ್ಯಾತ್ಮರು ದಾನ ಕೊಟ್ಟ ಹೊಲಿಗೆ ಮಷೀನೊಂದು ಎರಡು ವರ್ಷದಿಂದ ಜಾಮಾಗಿ ಕೂತಿತ್ತು. ಬಂದ ಎರಡನೆಯ ದಿನ ಅವಳು ಯಾರನ್ನೂ ಕೇಳದೆ ಅದರ ಹೊಟ್ಟೆ ಬಿಚ್ಚಿದಳು. ಮೇಲ್ವಿಚಾರಕಿ ಬೈಯಲು ಓಡಿ ಬರುವಷ್ಟರಲ್ಲಿ ಮಷೀನು ಟಕಟಕ ಎನ್ನುತ್ತಿತ್ತು. ಅವತ್ತೇ ಅವಳಿಗೆ ಮೆಕ್ಯಾನಿಕ್ಕು ಎಂದು ಹೆಸರು ಬಿತ್ತು.

ಕಂಡಕ್ಟರಮ್ಮನಿಗೆ ಅವಳನ್ನು ಕಂಡರೆ ಅಕ್ಕರೆ, ಅದಕ್ಕಿಂತ ಹೆಚ್ಚು ಮುಜುಗರ. ಯಾಕೆಂದರೆ ಆ ಹುಡುಗಿ ದಿನಾ ಬೆಳಿಗ್ಗೆ ಒಂದೇ ಪ್ರಶ್ನೆ ಕೇಳುತ್ತಿದ್ದಳು. "ಕಂಡಕ್ಟರಮ್ಮಾ, ಇವತ್ತು ಬಂತಾ?"

"ಬರ್ತದೆ ಕಣೇ, ಇನ್ನೇನು ಬಂದೇ ಬಿಡ್ತದೆ."

ಬಸ್ಸು ಬರದ ನಿಲ್ದಾಣದಲ್ಲಿ ಪ್ರಯಾಣಿಕರಿಗೆ ಹೀಗೇ ಹೇಳಿ ಹೇಳಿ ಅವಳಿಗೆ ಅಭ್ಯಾಸವಿತ್ತು. ಆದರೆ ಹನ್ನೊಂದು ತಿಂಗಳು ಹೇಳಬೇಕಾಗಿ ಬಂದದ್ದು ಇದೇ ಮೊದಲು.

ವರದಿ ಕೊನೆಗೂ ಬಂತು. ಎರಡು ಹಾಳೆ. 'ಕುಟುಂಬವು ಮಗಳನ್ನು ಸ್ವೀಕರಿಸಲು ಸಿದ್ಧವಿರುತ್ತದೆ. ಮನೆಯ ವಾತಾವರಣ ಸುರಕ್ಷಿತವಾಗಿರುತ್ತದೆ.' ಕೆಳಗೆ ತಾಯಿಯ ಹೆಬ್ಬೆಟ್ಟು, ಅಣ್ಣನ ರುಜು, ಅಧಿಕಾರಿಯ ಮುದ್ರೆ. ಮೇಲ್ವಿಚಾರಕಿ ಮುಖವರಳಿಸಿ, "ತಗೊಳ್ಳಿ, ಟಿಕೆಟ್ ಮಾಡ್ಸಿ" ಎಂದು ಕೈಗಿತ್ತಳು.

ಕಂಡಕ್ಟರಮ್ಮನಿಗೆ ಯಾವ ಚೀಟಿ ಕೈಗೆ ಬಂದರೂ ಹಿಂದೆ ಮುಂದೆ ತಿರುಗಿಸಿ ಓದುವ ಚಟ. ಹಳೆಯ ಪಾಸಿಗೆ ಹೊಸ ತಾರೀಖು ತಿದ್ದಿಕೊಂಡು ಬಂದ ಎಷ್ಟು ಜನರನ್ನು ಅವಳು ದಾರಿ ಮಧ್ಯೆ ಇಳಿಸಿಲ್ಲ! ಎರಡನೆಯ ಹಾಳೆಯ ತುದಿಯಲ್ಲಿ 'ಸಾಕ್ಷಿ' ಎಂಬ ಜಾಗದಲ್ಲಿ ಇನ್ನೊಂದು ರುಜು ಇತ್ತು, ಕೆಳಗೆ ದುಂಡಗಿನ ಅಕ್ಷರದಲ್ಲಿ ಹೆಸರು. ಹುಡುಗಿ ಹೊಲಿಗೆ ಕೋಣೆಯಲ್ಲಿ ಬಾಬಿನ್ನಿಗೆ ದಾರ ಸುತ್ತುತ್ತಿದ್ದಳು. ಕಂಡಕ್ಟರಮ್ಮ ಆ ಹೆಸರನ್ನು ಓದಿ ಹೇಳಿ, "ಯಾರೇ ಇವ್ರು, ನಿಮ್ಮ ಪಕ್ಕದ ಮನೆಯವರಾ?" ಎಂದು ಕೇಳಿದಳು.

ಬಾಬಿನ್ ಕೈಯಿಂದ ಜಾರಿ ಉರುಳಿತು. ಹುಡುಗಿ ಅದನ್ನು ಎತ್ತಿಕೊಳ್ಳಲಿಲ್ಲ.

"ಅವನೇ," ಎಂದಳು.

"ಯಾವನೇ?"

"ಅತ್ತಿಗೆಯ ಅಣ್ಣ. ನನ್ನ ಕರ್ಕೊಂಡು ಹೋದವನು."

ಕಂಡಕ್ಟರಮ್ಮನಿಗೆ ಮೈಯೆಲ್ಲ ಉರಿದು ಹೋಯಿತು. ಕುರಿ ಕಾಯಲು ತೋಳನನ್ನು ಬಿಟ್ಟದ್ದಲ್ಲದೆ, ಕುರಿ ಕ್ಷೇಮ ಎಂದು ತೋಳನ ಕೈಯಲ್ಲೇ ಬರೆಸಿಕೊಂಡು ಬಂದಿದ್ದರು! ಸೀದಾ ಹೋಗಿ ಮೇಲ್ವಿಚಾರಕಿಯ ಮೇಜಿನ ಮೇಲೆ ಹಾಳೆ ಕುಕ್ಕಿದಳು. ಮೇಲ್ವಿಚಾರಕಿ ಕೆಟ್ಟವಳಲ್ಲ. ನಲವತ್ತು ಜನರಿರಬೇಕಾದ ಕಡೆ ಎಪ್ಪತ್ತು ಜನರನ್ನು ಇಟ್ಟುಕೊಂಡು ಹೈರಾಣಾದವಳು. ಹಳೆಯ ಕಡತ ತೆಗೆಸಿ ಹುಡುಗಿಯ ಹೇಳಿಕೆ ಓದಿದಳು. ಹುಡುಗಿ ಪೊಲೀಸರಿಗೆ ಆ ಮನುಷ್ಯನ ಹೆಸರನ್ನೂ ಸಂಬಂಧವನ್ನೂ ಹೇಳಿದ್ದಳು. ಬರೆದುಕೊಂಡವರು 'ಪರಿಚಿತ ವ್ಯಕ್ತಿಯೊಬ್ಬರು ಕರೆದುಕೊಂಡು ಹೋದರು' ಎಂದು ಬರೆದಿದ್ದರು. ಕಾರ್ಖಾನೆಯ ಮಾಲೀಕ ಜೈಲು ಸೇರಿದ್ದ. ಪರಿಚಿತ ವ್ಯಕ್ತಿ ಆರಾಮಾಗಿ ಮನೆಯಲ್ಲಿದ್ದು ಸಾಕ್ಷಿ ಹಾಕುತ್ತಿದ್ದ.

ಮರುದಿನ ಕಂಡಕ್ಟರಮ್ಮ ಮೇಲಿನ ಕಚೇರಿಗೆ ಹೋದಳು. ಅಲ್ಲಿಯ ಅಧಿಕಾರಿ ವರದಿಯನ್ನು ಕನ್ನಡಕದ ಕೆಳಗಿನಿಂದ ನೋಡಿ, "ನಮೂನೆ ಸರಿಯಾಗೇ ಇದೆಯಲ್ಲಮ್ಮ," ಎಂದ.

"ನಮೂನೆ ಸರಿ ಇದೆ ಸಾರ್. ಮನುಷ್ಯ ಸರಿ ಇಲ್ಲ."

"ಹಾಗಂತ ದಾಖಲೆ ಎಲ್ಲಿದೆ? ಅವನ ಮೇಲೆ ಕೇಸಿದೆಯಾ?"

"ನಿಮ್ಮೋರು ಹೆಸರೇ ಬರ್ಕೊಳ್ಳದಿದ್ರೆ ಕೇಸೆಲ್ಲಿಂದ ಬರುತ್ತೆ?"

"ಬರ್ಕೊಂಡೋರು ನಮ್ಮೋರಲ್ಲ, ಅದು ಪೊಲೀಸ್ ಇಲಾಖೆ," ಎಂದು ಅವನು ಕನ್ನಡಕ ತೆಗೆದು ಒರೆಸಿದ. "ನೋಡಿ, ವರದಿ ತಪ್ಪು ಅಂತ ನೀವು ಬರ್ಕೊಟ್ರೆ ನಾನು ವಾಪಸ್ ಕಳಿಸ್ತೀನಿ. ಮತ್ತೆ ಮೊದಲಿಂದ ಪರಿಶೀಲನೆ. ಆರು ತಿಂಗಳೋ, ಎಂಟು ತಿಂಗಳೋ. ಯೋಚನೆ ಮಾಡಿ."

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ದೇವರು ಯಾರು ಎಂಬುದೇ ಅವಳಿಗೆ ಗೊತ್ತಾಗಲಿಲ್ಲ. ಬರೆದುಕೊಟ್ಟು ಬಂದಳು. ಸಂಜೆ ಹುಡುಗಿಗೆ ವಿಷಯ ಹೇಳಿದರೆ ಅವಳು ಅಳಲಿಲ್ಲ, ಎದ್ದು ಬಾಗಿಲ ಕಡೆ ಕೈ ತೋರಿಸಿದಳು.

"ಅಲ್ಲೂ ಬೀಗ, ಇಲ್ಲೂ ಬೀಗ. ಅಲ್ಲಿ ಕಾಲರ್ ಹೊಲಿಸ್ತಿದ್ರು, ಇಲ್ಲಿ ಸುಮ್ನೆ ಕೂರಿಸ್ತಾರೆ. ನನಗೆ ನನ್ನ ಅಮ್ಮನ್ನ ನೋಡ್ಬೇಕು ಕಂಡಕ್ಟರಮ್ಮಾ. ಅವನಿದ್ರೆ ಇರ್ಲಿ. ನಾನೇನು ಹದಿನೇಳರ ಹುಡುಗಿನಾ ಈಗ?"

ಮೂರು ದಿನ ಊಟ ಬಿಟ್ಟಳು. ನಾಲ್ಕನೆಯ ದಿನ ಮೇಲ್ವಿಚಾರಕಿ ಸೋತು, ಹಳೆಯ ವರದಿ ಇನ್ನೂ ರದ್ದಾಗಿಲ್ಲವಾದ್ದರಿಂದ ಅದರ ಮೇಲೇ ಕಳಿಸಬಹುದು ಎಂದಳು. "ನೀವು ಜೊತೆಗಿರ್ತೀರಲ್ಲ, ನೋಡ್ಕೊಂಡು ಬನ್ನಿ. ಸರಿ ಅನ್ನಿಸದಿದ್ರೆ..." ಎಂದು ವಾಕ್ಯವನ್ನು ಅಲ್ಲಿಗೇ ಬಿಟ್ಟಳು. ಆ ಅರ್ಧ ವಾಕ್ಯವನ್ನೇ ಅಪ್ಪಣೆ ಎಂದುಕೊಂಡು ಕಂಡಕ್ಟರಮ್ಮ ಹೊರಟಳು.

ರೈಲಿನಲ್ಲಿ ಒಂದು ಹಗಲು, ಒಂದು ರಾತ್ರಿ. ಹುಡುಗಿ ಕಿಟಕಿ ಬಿಟ್ಟು ಕದಲಲಿಲ್ಲ. ಆಮೇಲಿನ ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆ ವಾಪಸ್ ಕೊಡದೆ ಹೋದಾಗ ಕಂಡಕ್ಟರಮ್ಮ ಅವನಿಗೆ ಕೆಲಸದ ನಿಯಮಗಳನ್ನೆಲ್ಲ ಒಂದೊಂದಾಗಿ ಒಪ್ಪಿಸಿದಳು. ಹುಡುಗಿ ನಕ್ಕಳು. ಒಂದು ವರ್ಷದಲ್ಲಿ ಅವಳು ಬಾಯಿ ತುಂಬ ನಕ್ಕದ್ದನ್ನು ಕಂಡಕ್ಟರಮ್ಮ ನೋಡಿದ್ದು ಅದೊಂದೇ ಸಲ.

ಮನೆ ಬೀದಿಯ ಕೊನೆಯಲ್ಲಿತ್ತು. ಎರಡು ಕೋಣೆ, ತಗಡಿನ ಮಾಡು, ಬಾಗಿಲ ಮುಂದೆ ನೀರಿನ ಡ್ರಮ್ಮು. ತಾಯಿ ಓಡಿ ಬಂದು ಮಗಳನ್ನು ತಬ್ಬಿಕೊಂಡಳು. ಮುಖ, ಕೂದಲು, ಭುಜ, ಬೆರಳು ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿದಳು. "ಎಷ್ಟು ಒಣಗಿ ಹೋಗಿದ್ದೀಯೇ" ಎಂಬುದನ್ನು ಬಿಟ್ಟು ಬೇರೆ ಮಾತು ಬರಲಿಲ್ಲ. ಅಣ್ಣ ಗೋಡೆಗೊರಗಿ ನಿಂತು ತನ್ನ ಕಾಲಿನ ಹೆಬ್ಬೆರಳನ್ನೇ ನೋಡುತ್ತಿದ್ದ. ಅತ್ತಿಗೆ ಒಳಗಿನಿಂದ ಚಹಾ ತಂದಳು. ತಟ್ಟೆ ಹಿಡಿದೇ ನಿಂತು ಬಾಗಿಲ ಕಡೆ ನೋಡುತ್ತಿದ್ದಳು.

ಕಂಡಕ್ಟರಮ್ಮ ಚೀಲದಿಂದ, ಹುಡುಗಿಯನ್ನು ಮನೆಯವರಿಗೆ ಒಪ್ಪಿಸಿದ್ದಕ್ಕೆ ರುಜು ಹಾಕಿಸುವ ಪತ್ರ ತೆಗೆದಳು. ಅದಕ್ಕೆ ತಾಯಿಯ ಹೆಬ್ಬೆಟ್ಟು ಬಿದ್ದರೆ ಕೆಲಸ ಮುಗಿದಂತೆ. ಅಷ್ಟರಲ್ಲಿ ಬಾಗಿಲು ಕತ್ತಲಾಯಿತು. ಇಸ್ತ್ರಿ ಮಾಡಿದ ಅಂಗಿ ತೊಟ್ಟವನೊಬ್ಬ ಒಂದು ಕೈಯಲ್ಲಿ ಹಣ್ಣಿನ ಚೀಲ ಹಿಡಿದು, ಸ್ವಂತ ಮನೆಗೆ ಬಂದವನ ಹಾಗೆ ಚಪ್ಪಲಿ ಬಿಟ್ಟು ಒಳಗೆ ಬಂದ.

"ಬಂದ್ಯಾ ತಂಗೀ? ನಾನೇ ಸಾಕ್ಷಿ ಹಾಕಿ ಕರೆಸಿದ್ದು, ಗೊತ್ತಾಯ್ತಾ?" ಎಂದು ನಕ್ಕ. ಕಂಡಕ್ಟರಮ್ಮನ ಕಡೆ ತಿರುಗಿ, "ದೂರದಿಂದ ಬಂದಿದ್ದೀರಿ, ಊಟ ಮಾಡ್ಕೊಂಡೇ ಹೋಗ್ಬೇಕು ನೀವು" ಎಂದ.

ಕಂಡಕ್ಟರಮ್ಮ ಬಾಯಿ ತೆರೆಯುವ ಮೊದಲೇ ಹುಡುಗಿ ಮಾತಾಡಿದಳು. ದನಿ ಎತ್ತಲಿಲ್ಲ. "ಅಮ್ಮ, ನನ್ನ ಅಲ್ಲಿಗೆ ಬಿಟ್ಟು ಬಂದವನು ಇವನು. ಬಾಗಿಲಿಗೆ ಬೀಗ ಬಿದ್ದಾಗ ಇವನು ಹೊರಗೆ ನಿಂತಿದ್ದ. ನಿನಗೆ ಗೊತ್ತಿತ್ತಾ?"

ತಾಯಿ ಸೆರಗಿನಿಂದ ಮುಖ ಒರೆಸಿಕೊಂಡಳು. ಅತ್ತಿಗೆ ಚಹಾದ ತಟ್ಟೆಯನ್ನು ನೆಲಕ್ಕಿಟ್ಟು ತನ್ನ ಅಣ್ಣನ ಮುಖ ನೋಡಿದಳು. ಅವನು, "ಏನೇನೋ ಹೇಳಿಕೊಟ್ಟು ಕಳಿಸಿದ್ದಾರೆ ಇವಳಿಗೆ" ಎಂದ.

"ಅಮ್ಮ, ಕೇಳ್ತಾ ಇದ್ದೀನಿ."

"ಗೊತ್ತಿತ್ತು ಅಂದ್ರೆ ನಾನೇನು ಮಾಡ್ಲಿ?" ತಾಯಿಯ ದನಿ ಕೀರಲಾಗಿ ಹೊರಟಿತು. "ಮಗ ಸೊಸೆ ಹಾಕಿದ್ರೆ ನನಗೆ ತುತ್ತು. ನಿನ್ನಣ್ಣನಿಗೆ ಕೆಲಸ ಕೊಡಿಸಿದವನೂ ಇವನೇ. ನೀನು ಬಂದ್ಯಲ್ಲ, ಸಾಕು ಬಿಡು. ಹಳೇದನ್ನ ಕೆದಕಬೇಡ."

ಕಂಡಕ್ಟರಮ್ಮ ಆ ಮನುಷ್ಯನ ಮುಂದೆ ಹೋಗಿ ನಿಂತಳು. ಇಪ್ಪತ್ತಾರು ವರ್ಷ ಕುಡುಕರನ್ನು, ಜೇಬುಗಳ್ಳರನ್ನು, ಹುಡುಗಿಯರಿಗೆ ಮೈ ತಾಗಿಸಿ ನಿಲ್ಲುವವರನ್ನು ಇಳಿಸಿದ ಗಂಟಲು ಅದು. "ಇಳೀರಿ ಹೊರಗೆ!" ಎಂದಳು. ಅದು ತನ್ನ ಮನೆಯಲ್ಲ, ತನಗೆ ಆ ಹಕ್ಕಿಲ್ಲ ಎಂದು ಹೊಳೆದದ್ದು ಅಂದ ಮೇಲೆ. ಅವನು ನಿಜಕ್ಕೂ ಎರಡು ಹೆಜ್ಜೆ ಹಿಂದೆ ಸರಿದ. ಆಮೇಲೆ ಸಾವರಿಸಿಕೊಂಡು, "ಯಾರ ಮನೇಲಿ ಯಾರಿಗೆ ಹೇಳ್ತಿದ್ದೀರಮ್ಮ?" ಎಂದ.

ಹುಡುಗಿ ತನ್ನ ಚೀಲ ಎತ್ತಿಕೊಂಡಳು. ತಾಯಿಯ ಕೈಯನ್ನು ಒಂದು ಸಲ ಹಿಡಿದು ಬಿಟ್ಟಳು. ಇಬ್ಬರೂ ಬೀದಿಗೆ ಬಂದಾಗ ಹಿಂದಿನಿಂದ ಅಳುವ ಸದ್ದು ಕೇಳುತ್ತಿತ್ತು. ಅದು ತಾಯಿಯದೋ ಅತ್ತಿಗೆಯದೋ ಕಂಡಕ್ಟರಮ್ಮನಿಗೆ ತಿಳಿಯಲಿಲ್ಲ, ಹುಡುಗಿ ತಿರುಗಿ ನೋಡಲಿಲ್ಲ.

ರುಜುವಿಲ್ಲದ ಪತ್ರ ಹಿಡಿದು ವಾಪಸ್ ಬಂದದ್ದೇ ತಡ, ಮೇಲಿನ ಕಚೇರಿಯಿಂದ ಕಂಡಕ್ಟರಮ್ಮನಿಗೆ ಕಾರಣ ಕೇಳಿ ನೋಟೀಸು ಬಂತು. ಆ ಪತ್ರದ ನಮೂನೆಯಲ್ಲಿ 'ಒಪ್ಪಿಸಲಾಗಿದೆ' ಎಂದೋ 'ಕುಟುಂಬ ನಿರಾಕರಿಸಿದೆ' ಎಂದೋ ಎರಡರಲ್ಲೊಂದಕ್ಕೆ ಗುರುತು ಹಾಕಬೇಕಿತ್ತು. ಹುಡುಗಿಯೇ ಮನೆಯನ್ನು ನಿರಾಕರಿಸಿದರೆ ಗುರುತು ಹಾಕಲು ಜಾಗವಿರಲಿಲ್ಲ. ಕಂಡಕ್ಟರಮ್ಮ ಪೆನ್ನಿನಿಂದ ಮೂರನೆಯ ಚೌಕವೊಂದನ್ನು ಬರೆದು ಗುರುತು ಹಾಕಿದಳು. ಸರ್ಕಾರಿ ನಮೂನೆಯನ್ನು ತಿದ್ದಿದ್ದಕ್ಕೆ ಎರಡನೆಯ ನೋಟೀಸು ಬಂತು.

ಪೊಲೀಸರ ಕಥೆ ಇನ್ನೊಂದು. ಧಾಮದ ಪಕ್ಕದ ಠಾಣೆಯವರು, "ಕರ್ಕೊಂಡು ಹೋಗಿದ್ದು ಅವಳ ಊರಿಂದ, ಅಲ್ಲೇ ದೂರು ಕೊಡಿ" ಎಂದರು. ಫೋನಿನಲ್ಲಿ ಸಿಕ್ಕ ಆ ಊರಿನ ಠಾಣೆಯವರು, "ಕೂಡಿಹಾಕಿದ್ದು ಅಲ್ಲಿ, ಅಲ್ಲೇ ಕೊಡಿ" ಎಂದರು.

"ದಾರಿ ಮಧ್ಯೆ ಯಾವುದಾದ್ರೂ ಠಾಣೆ ಇದ್ರೆ ಹೇಳಿ ಸಾರ್," ಎಂದಳು ಕಂಡಕ್ಟರಮ್ಮ. "ರೈಲು ನಿಲ್ಲಿಸಿ ಕೊಟ್ಟು ಬರ್ತೀವಿ."

ದೂರು ದಾಖಲಾಗಲು ಐದು ತಿಂಗಳು ಹಿಡಿಯಿತು. ಅಷ್ಟು ಹೊತ್ತಿಗೆ ಆ ಮನುಷ್ಯ ಊರು ಬಿಟ್ಟಿದ್ದ. ಅವನು ಮತ್ತೆ ಸಿಕ್ಕಿ, ಜಾಮೀನಿನ ಮೇಲೆ ಹೊರಗೆ ಬಂದು, ವಿಚಾರಣೆ ಶುರುವಾಗಲು ಇನ್ನೊಂದು ವರ್ಷ.

ಈ ನಡುವೆ ಹುಡುಗಿ ಧಾಮ ಬಿಟ್ಟಳು. ವಯಸ್ಸಿಗೆ ಬಂದವಳು ಕೇಳಿದರೆ ತಡೆಯುವಂತಿಲ್ಲ ಎಂಬ ನಿಯಮ ಮೊದಲಿನಿಂದಲೂ ಇತ್ತು. ಅದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಕಂಡಕ್ಟರಮ್ಮನೂ ಹೇಳಿರಲಿಲ್ಲ, ಯಾಕೆಂದರೆ ಅವಳಿಗೂ ಗೊತ್ತಿರಲಿಲ್ಲ. ನೋಟೀಸಿಗೆ ಉತ್ತರ ಬರೆಯಲು ನಿಯಮಗಳ ಪುಸ್ತಕ ತೆರೆದಾಗ ಅದು ಕಣ್ಣಿಗೆ ಬಿತ್ತು. ಇಷ್ಟು ವರ್ಷ ಅದೇ ಕಟ್ಟಡದಲ್ಲಿದ್ದು ಅಷ್ಟನ್ನೂ ಓದಿಕೊಳ್ಳಲಿಲ್ಲವಲ್ಲ ಎಂದು ಅವತ್ತು ಮನೆಗೆ ಹೋಗಿ ಗಂಡನ ಮುಂದೆ ಹಣೆ ಚಚ್ಚಿಕೊಂಡಳು. ಗಂಡ ಫ್ಯಾನಿನ ಮೋಟರಿಗೆ ತಂತಿ ಸುತ್ತುತ್ತಲೇ, "ಹಣೆ ಒಡ್ಕೊಂಡ್ರೆ ರಿಪೇರಿ ನನ್ನ ಕೈಲಾಗಲ್ಲ. ಆ ಹುಡುಗಿನ್ನ ನಾಳೆ ಮಷೀನಿನ ಬೀದಿಗೆ ಕರ್ಕೊಂಡು ಬಾ, ಒಬ್ಬ ಮುದುಕ ಗೊತ್ತು" ಎಂದ.

ಮುದುಕ ಹೊಲಿಗೆ ಮಷೀನು ರಿಪೇರಿಯವನು. ಕಿವಿ ಮಂದ, ಕೋಪ ಜೋರು. ಹೆಣ್ಣುಹುಡುಗಿಯಾ ಎಂದು ಮೂಗು ಮುರಿದು, ಮೂರು ಜನ ಬಿಚ್ಚಿ ಕೈಬಿಟ್ಟಿದ್ದ ಮಷೀನೊಂದನ್ನು ಅವಳ ಮುಂದೆ ತಳ್ಳಿದ. ಮಧ್ಯಾಹ್ನದ ಹೊತ್ತಿಗೆ ಅದು ಓಡಿತು. ಮುದುಕ ಹೊಗಳಲಿಲ್ಲ, ಇನ್ನೊಂದನ್ನು ತಂದಿಟ್ಟ. ಅದೇ ಬೀದಿಯಲ್ಲಿ ಮಹಡಿಯ ಮೇಲೊಂದು ಕೋಣೆ ಬಾಡಿಗೆಗೆ ಸಿಕ್ಕಿತು. ಮೊದಲ ತಿಂಗಳೆಲ್ಲ ಹುಡುಗಿ ಬಾಗಿಲಿಗೆ ಅಗುಳಿ ಹಾಕದೆ ಮಲಗುತ್ತಿದ್ದಳು. ಕೆಳಗಿನ ಮನೆಯವರು ಕಳ್ಳರ ಭಯ ಹೇಳಿ ಬೈದರೂ ಕೇಳಲಿಲ್ಲ.

ಒಂದು ದಿನ ತಾಯಿ ಒಬ್ಬಳೇ ಬಂದಿಳಿದಳು. ಎರಡು ದಿನ ಮಗಳ ಕೋಣೆಯಲ್ಲಿದ್ದು, ಗುಡಿಸಿ, ಸಾರಿಸಿ, ಹರಿದ ದಿಂಬಿಗೆ ಹೊಲಿಗೆ ಹಾಕಿ, ಮೂರನೆಯ ದಿನ ಬಂದ ಕಾರಣ ಹೇಳಿದಳು. ದೂರು ವಾಪಸ್ ತಗೋ. ನಿನ್ನಣ್ಣನ ಕೆಲಸ ಹೋಯ್ತು, ಅತ್ತಿಗೆ ತವರಿಗೆ ಹೋಗ್ತೀನಿ ಅಂತ ಕೂತಿದ್ದಾಳೆ, ಸಂಸಾರ ಮೂರಾಬಟ್ಟೆ ಆಗ್ತಿದೆ.

"ಆಗಲ್ಲ ಅಮ್ಮ," ಎಂದಳು ಹುಡುಗಿ. "ನೀನು ಇಲ್ಲೇ ಇರು. ನಾನು ನೋಡ್ಕೋತೀನಿ."

ತಾಯಿ ಉಳಿಯಲು ಒಪ್ಪಲಿಲ್ಲ. ರೈಲು ಹತ್ತಿಸಲು ಹೋದ ಕಂಡಕ್ಟರಮ್ಮನಿಗೆ ಕಿಟಕಿಯಿಂದ, "ನೀವು ಮನೆ ಮುಟ್ಟಿಸೋರಲ್ವಾ? ನನ್ನ ಮನೆ ಮುರಿದ್ರಿ" ಎಂದಳು. ಕಂಡಕ್ಟರಮ್ಮ ಆ ಮಾತನ್ನು ಗಂಡನಿಗೂ ಹೇಳಲಿಲ್ಲ. ಬಹಳ ದಿನ ಅದು ಎದೆಯಲ್ಲಿ ಮುಳ್ಳಿನಂತೆ ಚುಚ್ಚುತ್ತಿತ್ತು. ತಾನು ಮುಟ್ಟಿಸಿ ಬಂದ ಇನ್ನೂರಕ್ಕೂ ಮೇಲ್ಪಟ್ಟ ಹುಡುಗಿಯರಲ್ಲಿ ಎಷ್ಟು ಜನರ ಮನೆಯ ಬಾಗಿಲಲ್ಲಿ ಇಂಥವನೊಬ್ಬ ಹಣ್ಣು ಹಿಡಿದು ನಿಂತಿದ್ದನೋ ಎಂಬ ಯೋಚನೆ ಬಂದಾಗ ಮಾತ್ರ ಆ ಮುಳ್ಳು ಮರೆತು ಹೋಗುತ್ತಿತ್ತು. ಈ ಯೋಚನೆ ಅದಕ್ಕಿಂತ ಕೆಟ್ಟದ್ದು.

ಹುಡುಗಿ ಹೇಳಿಕೆ ಕೊಡಬೇಕಾದ ದಿನ ಮುದುಕ ಅಂಗಡಿಯ ಬಾಗಿಲು ಹಾಕಿ ಅವಳನ್ನು ಕಳಿಸಿದ. ಕೋರ್ಟಿನ ಮೊಗಸಾಲೆಯಲ್ಲಿ ಬೆಳಿಗ್ಗೆಯಿಂದ ಮೂರು ಗಂಟೆಯವರೆಗೆ ಇಬ್ಬರೂ ಕಟ್ಟೆಯ ಮೇಲೆ ಕೂತರು. ಎದುರಿನ ಕಂಬಕ್ಕೊರಗಿ ಆ ಮನುಷ್ಯ ತನ್ನ ವಕೀಲನ ಜೊತೆ ಕಡಲೆಕಾಯಿ ತಿನ್ನುತ್ತಿದ್ದ. ಮೂರೂವರೆಗೆ ಗುಮಾಸ್ತ ಹೊರಗೆ ಬಂದು, ನ್ಯಾಯಾಧೀಶರಿಗೆ ತುರ್ತು ಸಭೆ, ಮುಂದಿನ ತಿಂಗಳು ಹದಿನೇಳಕ್ಕೆ ಬನ್ನಿ ಎಂದ. ಇದು ನಾಲ್ಕನೆಯ ಸಲ.

ಕಂಡಕ್ಟರಮ್ಮ ಎದ್ದು ಗಂಟಲು ಸರಿ ಮಾಡಿಕೊಂಡಳು. ಹುಡುಗಿ ಅವಳ ಮೊಣಕೈ ಹಿಡಿದು ಕೂರಿಸಿ, ತಾನೇ ಗುಮಾಸ್ತನ ಮುಂದೆ ಹೋದಳು.

"ಹೋದ ಸಲ ವಕೀಲರು ಬರ್ಲಿಲ್ಲ ಅಂದ್ರಿ. ಅದರ ಹಿಂದಿನ ಸಲ ಕಡತ ಸಿಗ್ಲಿಲ್ಲ ಅಂದ್ರಿ. ಒಂದೊಂದು ಸಲ ಬಂದಾಗ್ಲೂ ಒಂದು ದಿನದ ಕೆಲಸ ಬಿಟ್ಟು ಬರ್ತೀನಿ ನಾನು. ಇವತ್ತು ಬಂದಿದ್ದೆ ಅಂತ ನನಗೆ ಬರ್ದು ಕೊಡಿ. ನಾಲ್ಕು ಸಲದ್ದೂ ಕೊಡಿ. ಮುದ್ರೆ ಹಾಕಿ ಕೊಡಿ."

"ಹಾಗೆಲ್ಲ ಕೊಡೋ ಪದ್ಧತಿ ಇಲ್ಲಮ್ಮ."

"ಪದ್ಧತಿ ಇಲ್ದಿದ್ರೆ ಶುರು ಮಾಡಿ. ನಾನು ಇಲ್ಲೇ ಇರ್ತೀನಿ."

ದನಿ ಮೊಗಸಾಲೆಯ ಆ ತುದಿಗೂ ಕೇಳಿತು. ಕಂಬಕ್ಕೊರಗಿದ್ದವನು ಕಡಲೆಕಾಯಿ ತಿನ್ನುವುದನ್ನು ನಿಲ್ಲಿಸಿದ. ಗುಮಾಸ್ತ ಒಳಗೆ ಹೋದ, ಬಂದ, ಮತ್ತೆ ಒಳಗೆ ಹೋದ. ಐದು ಗಂಟೆಗೆ, ಬಾಗಿಲು ಹಾಕುವ ಹೊತ್ತಿಗೆ, ಒಂದು ಹಾಳೆಯಲ್ಲಿ ಎರಡು ಸಾಲು ಬರೆದು ಮುದ್ರೆ ಒತ್ತಿ ಕೊಟ್ಟ. ಅದು ಅವತ್ತಿನ ಒಂದು ದಿನದ್ದು ಮಾತ್ರ. ಹಿಂದಿನ ಮೂರು ದಿನಕ್ಕೆ ಅರ್ಜಿ ಹಾಕಬೇಕಂತೆ.

"ಅರ್ಜಿ ಎಲ್ಲಿ ಸಿಗುತ್ತೆ?" ಎಂದು ಕೇಳಿದಳು ಹುಡುಗಿ.

"ನಾಳೆ ಬನ್ನಿ," ಎಂದ ಗುಮಾಸ್ತ.